ಒಂದು ಬೀಡಿ ಹೊತ್ತಿನ ನಕ್ಷತ್ರಗಳು

ಆಗೆಲ್ಲ ಬಂಟ್ವಾಳದಲ್ಲಿ ಕತ್ತಲೆಗೂ ಒಂದು ಬರುವ ದಾರಿ ಇತ್ತು. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಮುಗಿದು ಸ್ವಲ್ಪ ಹೊತ್ತಿಗೆ ಅದು ನೇತ್ರಾವತಿಯ ಕಡೆಯಿಂದ ಹೊರಟು, ತೆಂಗಿನ ಬುಡಗಳನ್ನು ದಾಟಿ, ನಮ್ಮ ಬಾವಿಕಟ್ಟೆಗೆ ಬಂದು, ಕೊನೆಗೆ ಅಡುಗೆಮನೆಯ ಹಿಂಬಾಗಿಲಲ್ಲಿ ನಿಲ್ಲುತ್ತಿತ್ತು. ಪೇಟೆಯ ಅಂಗಡಿಗಳಲ್ಲಿ ಬಲ್ಬುಗಳಿದ್ದವು, ಸರಿ. ಆದರೆ ನಮ್ಮ ಮನೆ ಪೇಟೆಗೆ ಬೆನ್ನು ಹಾಕಿ ನದಿಗೆ ಮುಖ ಮಾಡಿತ್ತು. ನಮಗೆ ಚಿಮಿಣಿ ದೀಪ, ಚಾವಡಿಗೊಂದು ಲಾಟೀನು. ಸೀಮೆಎಣ್ಣೆಯ ಹೊಗೆ, ಮೂಲೆಯಲ್ಲಿ ನೆನೆಸಿಟ್ಟ ಬೀಡಿ ಎಲೆಯ ಒಗರು ವಾಸನೆ, ಕೆಂಡದ ಮೇಲೆ ಸುಡುವ ಒಣಮೀನು, ಇಷ್ಟು ಸೇರಿದರೆ ನಮಗೆ ರಾತ್ರಿ ಶುರು. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಆಗ ಆರನೇ ಕ್ಲಾಸು, ಕಾನ್ವೆಂಟಿನಲ್ಲಿ. ನಮ್ಮ ಬ್ಯಾರಿಗಳ ಓಣಿಯಿಂದ ಕಾನ್ವೆಂಟಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಉಪ್ಪ, ಅಂದರೆ ನನ್ನ ತಂದೆ, ಹಠ ಹಿಡಿದು ಸೇರಿಸಿದ್ದರು. ಅದಕ್ಕಾಗಿ ಅವರು ಮಸೀದಿ ಮೆಟ್ಟಿಲಿನಲ್ಲೂ ಮದುವೆ ಮನೆಯ ಚಪ್ಪರದಲ್ಲೂ ಮಾತು ಕೇಳಬೇಕಾಗುತ್ತಿತ್ತು. "ಏನು, ಮಗಳನ್ನು ಕಲೆಕ್ಟರ್ ಮಾಡ್ಲಿಕ್ಕುಂಟಾ?" ಎಂದು ಕೇಳಿದವರಿಗೆ ಉಪ್ಪ ನಗುತ್ತಾ, "ಆದರೆ ಆಗ್ಲಿ, ನಿಮ್ಮ ಜಾಗದ ರೆಕಾರ್ಡ್ ಮೊದಲು ಸರಿ ಮಾಡಿಸುವ" ಎನ್ನುತ್ತಿದ್ದರು. ಆ ನಗು ಡಿಸೆಂಬರಿನಲ್ಲಿ ನಿಂತಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಲೆಕ್ಕದಲ್ಲೂ ಭೂಗೋಳದಲ್ಲೂ ಕೆಂಪು ಶಾಯಿ ಬಂತು.

ನಮ್ಮ ಕ್ಲಾಸ್ ಟೀಚರ್ ಸಿಸ್ಟರ್ ಒಲಿವಿಯಾ ಉಪ್ಪನನ್ನು ಕರೆಸಿದರು. "ಶಿ ಈಸ್ ನಾಟ್ ಅ ಡಲ್ ಚೈಲ್ಡ್," ಎಂದರು. "ಬಟ್ ಸೋ ರೆಸ್ಟ್‌ಲೆಸ್! ಒಂದು ಕಡೆ ಕೂರುವುದೇ ಇಲ್ಲ. ಬೆಂಚಿನಿಂದ ಏಳ್ತಾಳೆ, ಪಕ್ಕದವಳ ಪುಸ್ತಕ ಇಣುಕ್ತಾಳೆ, ಬೋರ್ಡಿನ ಹತ್ತಿರ ಬಂದು ನಿಲ್ತಾಳೆ. ಐ ಹ್ಯಾವ್ ಟ್ರೈಡ್ ಎವ್ರಿಥಿಂಗ್."

ಎವ್ರಿಥಿಂಗ್ ಎಂದರೆ ಮೊಣಕಾಲೂರಿ ನಿಲ್ಲಿಸುವುದು, ಮತ್ತು ಉದ್ದದ ಹುಡುಗಿ ಎಂದು ಕೊನೆಯ ಬೆಂಚಿಗೆ ಕಳಿಸುವುದು. ಉಪ್ಪ ಇಂಗ್ಲಿಷು ಅರ್ಥವಾದವರಂತೆ ತಲೆಯಾಡಿಸಿದರು. ದಾರಿಯಲ್ಲಿ 'ರೆಸ್ಟ್‌ಲೆಸ್' ಎಂದರೇನು ಎಂದು ನನ್ನನ್ನೇ ಕೇಳಿದರು. "ಕೂತಲ್ಲಿ ಕೂರದವಳು" ಎಂದೆ. ಅವರು ಮನೆಯ ಬೇಲಿಯ ದಣಪೆಯ ಹತ್ತಿರ ನಿಂತು, "ಪರೀಕ್ಷೆವರೆಗೆ ನೋಡ್ತೇನೆ ಜೋಹರಾ. ಮತ್ತೆ ಕೆಂಪು ಬಂದರೆ ಸಾಕು. ಉಮ್ಮನೊಟ್ಟಿಗೆ ಮನೆಯಲ್ಲಿ ಇರು. ಜನರ ಬಾಯಿಗೆ ಎಷ್ಟು ದಿವಸ ಉತ್ತರ ಕೊಡುವುದು?" ಎಂದರು. ಬೈದಿದ್ದರೆ ಆಗುತ್ತಿತ್ತು. ಅವರ ಸ್ವರದಲ್ಲಿ ಆಗಲೇ ಸೋತ ಆಯಾಸವಿತ್ತು.

ಮನೆಯಲ್ಲಿ ನನ್ನ ಹೆಸರು ಜೋಹರಾ ಹೋಗಿ 'ಜೋರು' ಆಗಿತ್ತು. ಕುಂಟೆಬಿಲ್ಲೆ ಆಟಕ್ಕೂ ಜೋರು, ಮರ ಹತ್ತುವುದಕ್ಕೂ ಜೋರು. ಚೆಂಡು ಹಿಡಿಯಲು ಮಾತ್ರ ಬರುತ್ತಿರಲಿಲ್ಲ; ಅದು ಮೂಗಿಗೆ ಬಡಿದ ಮೇಲೆಯೇ ನನಗೆ ಗೊತ್ತಾಗುತ್ತಿತ್ತು.

ಆ ಜನವರಿಯಲ್ಲಿ ಅದ್ದು ಮಾಮ ಬಂದ. ಉಮ್ಮನ, ಅಂದರೆ ನನ್ನ ತಾಯಿಯ, ತಮ್ಮ ಅವನು, ಅಬ್ದುಲ್ಲ. ಬೊಂಬಾಯಿಯ ಹಡಗಿನಲ್ಲಿ ಕೆಲಸ. ಒಂದು ಹಡಗು ಮುಗಿಸಿ ಇನ್ನೊಂದು ಹಡಗಿಗೆ ಕರೆ ಬರುವವರೆಗೆ ಅಕ್ಕನ ಮನೆಯಲ್ಲಿ ಇರಲು ಬಂದಿದ್ದ. ಎರಡು ವಾರ ಎಂದು ಬಂದವನಿಗೆ ತಿಂಗಳಾದರೂ ಟೆಲಿಗ್ರಾಂ ಇಲ್ಲ. ದಿನಾ ಬೆಳಿಗ್ಗೆ ಪೋಸ್ಟಾಫೀಸಿಗೆ ಹೋಗುತ್ತಿದ್ದ. ಬಂದು ಚಾವಡಿಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದ. ಅಲ್ಲಾಡದ ನೆಲದಲ್ಲಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ.

"ಮನೆಯಲ್ಲಿ ಒಂದು ಜೋರು ಇದ್ದದ್ದು ಸಾಲದು ಅಂತ ಇನ್ನೊಂದು ಬಂತು," ಎಂದು ಬೀಡಿ ಕಟ್ಟುತ್ತಾ ಕೂತಿದ್ದ ಉಮ್ಮ ತನ್ನ ಮೊರವನ್ನು ಅವನ ಕಾಲಿನ ದಾರಿಯಿಂದ ಎಳೆದುಕೊಳ್ಳುತ್ತಿದ್ದಳು. "ಕೂತ್ಕೊಳ್ಳಾ ಮಾರಾಯ, ನೆಲ ಸವೀತದೆ!"

ಮನೆಯಲ್ಲಿ ನಾವು ಆಡುತ್ತಿದ್ದದ್ದು ಬ್ಯಾರಿ ಭಾಷೆ. ಇಲ್ಲಿ ಕನ್ನಡಕ್ಕೆ ತರುವಾಗ ಉಮ್ಮನ ಬೈಗುಳದ ಅರ್ಧ ರುಚಿ ಹೋಗುತ್ತದೆ, ಏನು ಮಾಡುವುದು.

ಮಾಮನ ಪೆಟ್ಟಿಗೆಯಲ್ಲಿ ಒಂದು ಮಡಚುವ ಕ್ಯಾಮರಾ ಇತ್ತು. ಮುಚ್ಚಳ ತೆರೆದರೆ ಹಾರ್ಮೋನಿಯಂ ತರಹ ಕಪ್ಪು ತಿದಿ ಹೊರಗೆ ಬರುತ್ತಿತ್ತು, ಅದರ ತುದಿಗೆ ಲೆನ್ಸು. ಒಂದು ದಿನ ನಡೆದು ನಡೆದು ಸಾಕಾಗಿ ಅದನ್ನು ತೆಗೆದು ಒರೆಸುತ್ತಾ ನನಗೆ ಹೇಳಿದ: "ನಮ್ಮ ಹಡಗಿನ ರೇಡಿಯೋ ಆಫೀಸರ್ ಒಬ್ಬ ಇದ್ದ, ಬಾಯಿ ಬಿಟ್ಟರೆ ಬಡಾಯಿ. ಅವನು ಹೇಳ್ತಾನೆ, ಇಂಥ ಕ್ಯಾಮರಾದಲ್ಲಿ ನಕ್ಷತ್ರದ ಫೋಟೋ ಬರ್ತದೆ ಅಂತ. ನಕ್ಷತ್ರ ಮಾತ್ರ ಅಲ್ಲ. ಆ ಮೂರು ನಕ್ಷತ್ರ ಸಾಲಾಗಿ ಉಂಟಲ್ಲ, ಬೇಟೆಗಾರನ ಸೊಂಟಪಟ್ಟಿ, ಅದರ ಕೆಳಗೆ ಕತ್ತಿ ನೇತಾಡ್ತದೆ. ಆ ಕತ್ತಿಯ ನಡುವೆ ಇರುವುದು ನಕ್ಷತ್ರವೇ ಅಲ್ಲವಂತೆ, ಹೊಗೆಯಂತೆ. ನೆಬ್ಯುಲಾ. ಅದೂ ಬರ್ತದೆ ಅಂತಾನೆ. ಹಡಗು ಅಲ್ಲಾಡುವಾಗ ತೆಗೀಲಿಕ್ಕೆ ಆಗ್ಲಿಲ್ಲ. ಇಲ್ಲಿ ಈ ಶನಿ ನೆಲ ಅಲ್ಲಾಡುವುದಿಲ್ಲವಲ್ಲ. ನೋಡುವ."

"ನಾನೂ ಬರ್ತೇನೆ."

"ನೀನು ಬಂದರೆ ನೆಲವೂ ಅಲ್ಲಾಡ್ತದೆ. ಬಾ."

ಆ ವರ್ಷ ರಂಜಾನ್ ತಿಂಗಳು ಚಳಿಯಲ್ಲಿ ಬಂದಿತ್ತು. ಮೊದಲ ವಾರದಲ್ಲಿ ಎಳೆ ಚಂದ್ರ ಬೇಗ ಮುಳುಗುವುದರಿಂದ ಆಕಾಶ ಒಳ್ಳೇ ಕಪ್ಪಿರುತ್ತದೆ ಎಂದು ಮಾಮ ಲೆಕ್ಕ ಹಾಕಿದ್ದ. ಉಪವಾಸ ಬಿಟ್ಟು, ಖರ್ಜೂರ ತಿಂದು, ತೆಂಗಿನ ಹಾಲಿನ ರವೆಗಂಜಿ ಕುಡಿದು, ಅಕ್ಕಿರೊಟ್ಟಿಯಂಥ ಪತ್ತಿರಿ, ಸಾರು ಮುಗಿಸಿ ಗಂಡಸರೆಲ್ಲ ಪಳ್ಳಿಗೆ, ಅಂದರೆ ಮಸೀದಿಗೆ, ರಾತ್ರಿಯ ತರಾವೀಹ್ ನಮಾಜಿಗೆ ಹೊರಡುವ ಹೊತ್ತು. ಮಾಮ ಮಾತ್ರ ಹಿಂಬಾಗಿಲಿನಿಂದ ನದಿಗೆ ಇಳಿಯುತ್ತಿದ್ದ.

"ಎಲ್ಲಿಗೆ? ಪಳ್ಳಿ ಆ ಕಡೆ ಉಂಟು!" ಉಮ್ಮ ಒಳಗಿನಿಂದಲೇ ಕೂಗುತ್ತಿದ್ದಳು.

"ಅಲ್ಲಾಹನ ಆಕಾಶ ಈ ಕಡೆ ಉಂಟು ಇತ್ತಾತ, ಮತ್ತೆ ಬಂದು ಮಾಡ್ತೇನೆ!" ಅಕ್ಕನಿಗೆ ಅವನ ಉತ್ತರ ತಯಾರಿರುತ್ತಿತ್ತು.

ಚಳಿಗಾಲದಲ್ಲಿ ನೇತ್ರಾವತಿ ಒಂದು ಬದಿಗೆ ಸರಿದು ಮಲಗುತ್ತಿತ್ತು. ಉಳಿದದ್ದೆಲ್ಲ ಮರಳು, ಬೆಳ್ಳಗೆ, ಹಗಲಿನ ಬಿಸಿ ಇನ್ನೂ ಆರದೆ. ಮಾಮನ ಹತ್ತಿರ ಕ್ಯಾಮರಾ ನಿಲ್ಲಿಸುವ ಕಾಲು ಇರಲಿಲ್ಲ. ಮರಳಿನಲ್ಲಿ ಒಂದು ತಗ್ಗು ಮಾಡಿ, ಮಗುವನ್ನು ಮಲಗಿಸಿದಂತೆ ಕ್ಯಾಮರಾವನ್ನು ಅಂಗಾತ ಮಲಗಿಸಿ, ಸುತ್ತ ಮರಳು ಒತ್ತಿ, ಲೆನ್ಸನ್ನು ಬೇಕಾದ ಕಡೆಗೆ ಓರೆ ಮಾಡುತ್ತಿದ್ದ. ಗುಂಡಿ ಒತ್ತುವಾಗ ಕ್ಯಾಮರಾ ಅಲುಗಿದರೆ ಕೆಲಸ ಕೆಟ್ಟಿತು. ಅದಕ್ಕೆ ಅವನು ಕಂಡುಹಿಡಿದ ಉಪಾಯ ಮುಟ್ಟಾಳೆ, ಗದ್ದೆ ಕೆಲಸದವರು ತಲೆಗೆ ಇಡುವ ಅಡಿಕೆ ಹಾಳೆಯ ಟೊಪ್ಪಿ. ಮೊದಲು ಲೆನ್ಸಿನ ಮೇಲೆ ಮುಟ್ಟಾಳೆ ಮುಚ್ಚುವುದು, ಆಮೇಲೆ ಗುಂಡಿ ಒತ್ತಿ ಸಿಕ್ಕಿಸುವುದು, ಅಲುಗಾಟ ನಿಂತ ಮೇಲೆ ಮೆಲ್ಲನೆ ಮುಟ್ಟಾಳೆ ಎತ್ತುವುದು. ಎತ್ತುವ ಮತ್ತು ಮುಚ್ಚುವ ಕೆಲಸ ನನ್ನದು.

ಎಷ್ಟು ಹೊತ್ತು ಎತ್ತಿ ಹಿಡಿಯಬೇಕು? ಅವನ ಗಡಿಯಾರ ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಮನೆಯಲ್ಲಿ ಬೀಡಿಗೆ ಬರವಿರಲಿಲ್ಲವಲ್ಲ. ದೂರ ಹೋಗಿ ಬೆನ್ನು ಮಾಡಿ ನಿಂತು ಒಂದು ಬೀಡಿ ಹಚ್ಚುತ್ತಿದ್ದ. "ಇದು ಒಂದು ಬೀಡಿ ಫೋಟೋ," ಎನ್ನುತ್ತಿದ್ದ. ಇನ್ನೊಂದು, ಅರ್ಧ ಬೀಡಿ ಫೋಟೋ. ಕೆಲವಕ್ಕೆ ಒಂದೇ ದಮ್ಮು.

ಒಂದು ಬೀಡಿಯ ಹೊತ್ತು ಅಲ್ಲಾಡದೆ ನಿಲ್ಲುವುದು! ಸಿಸ್ಟರ್ ಒಲಿವಿಯಾ ನೋಡಿದ್ದರೆ ಜಪಮಾಲೆ ಕೈಯಿಂದ ಜಾರುತ್ತಿತ್ತು. ಕಾಲಿನ ಬೆರಳು ಮರಳಿನೊಳಗೆ ಕುಣಿಯುತ್ತಿದ್ದವು, ಮೇಲಿನ ಅರ್ಧ ಮಾತ್ರ ಪ್ರತಿಮೆ. ನದಿಯಲ್ಲಿ ಮೀನು ಪಚಕ್ಕೆಂದು ಹಾರುವುದು, ಆಚೆ ದಡದಲ್ಲಿ ನಾಯಿ, ಪಳ್ಳಿಯಿಂದ ತೇಲಿ ಬರುವ ಓದು. ನಾನು ನೋಡಬಾರದ ಕಡೆಯೆಲ್ಲ ನೋಡುತ್ತಿದ್ದೆ.

"ಜೋರು, ಈಗ ಮೇಲೆ ನೋಡು," ಎಂದು ಮಾಮ ಒಂದು ಸಲ ನನ್ನ ಗಲ್ಲ ಹಿಡಿದು ಎತ್ತಿದ. "ಮೂರು ಸಾಲು ಉಂಟಲ್ಲ, ಅದರ ಕೆಳಗೆ. ಉಳಿದದ್ದೆಲ್ಲ ಚುಕ್ಕೆ ಚುಕ್ಕೆ ಇರುವಾಗ ಒಂದು ಮಾತ್ರ ಮಸುಕು, ಹತ್ತಿಯ ಹಾಗೆ. ಅದೇ ನೆಬ್ಯುಲಾ. ಸಿಕ್ಕಿತಾ?"

ನಾನು ನೋಡಿದೆ. "ಎಲ್ಲವೂ ಹತ್ತಿಯ ಹಾಗೆಯೇ ಉಂಟಲ್ಲ ಮಾಮ!"

ಅವನು ಮರಳಿನ ಮೇಲೆ ಬಿದ್ದು ನಕ್ಕ. "ನಿನ್ನ ನಾಲಗೆಗೆ ಕಾನ್ವೆಂಟಿನ ಸಾಣೆ ಹಿಡಿದದ್ದು ಹೌದು," ಎಂದ. ನಾನು ತಮಾಷೆ ಮಾಡಿದೆ ಎಂದುಕೊಂಡ. ನಾನೂ ನಕ್ಕೆ, ಅವನು ಯಾಕೆ ನಗುತ್ತಾನೆ ಎಂದು ತಿಳಿಯದೆ. ನಕ್ಷತ್ರ ಎಂದರೆ ಹತ್ತಿಯ ಉಂಡೆ. ಹೆಂಗಸರು ಕಿವಿಯ ಸಂದಿಗೆ ಸಿಕ್ಕಿಸುವ ಅತ್ತರಿನ ಹತ್ತಿಯ ಹಾಗೆ, ಮೆತ್ತಗೆ, ಒಂದರ ಅಂಚು ಇನ್ನೊಂದಕ್ಕೆ ತಾಗಿಕೊಂಡು. ಇದರಲ್ಲಿ ತಮಾಷೆ ಎಂಥದ್ದು?

ರೋಲು ಮುಗಿದ ಮರುದಿನವೇ ಪೇಟೆಯ ಸ್ಟುಡಿಯೋಕ್ಕೆ ಹೋದೆವು. ಸ್ಟುಡಿಯೋದ ಶೆಣೈ ಮಾಮ್ ಮದುವೆ ಫೋಟೋಗಳಿಗೆ ಹೆಸರಾದವರು. ಕಪ್ಪಗಿನ ಮದುಮಗಳನ್ನು ಬೆಳ್ಳಗೆ ಮಾಡಿ, ಮದುಮಗನ ಸಿಡುಬಿನ ಕಲೆಗಳನ್ನು ಒಂದೊಂದಾಗಿ ಅಳಿಸಿ ಕೊಡುವವರು. ಅಷ್ಟು ನಾಜೂಕಿನ ಕೈ. "ನಾಡಿದ್ದು ಬನ್ನಿ" ಎಂದರು. ನಾಡಿದ್ದು ಹೋದರೆ "ಇನ್ನೊಂದು ದಿವಸ ಬೇಕು, ಭಾರೀ ಕೆಲಸ ಉಂಟು ಇದರಲ್ಲಿ" ಎಂದರು. ಮಾಮನಿಗೆ ಪೋಸ್ಟಾಫೀಸಿನ ಜೊತೆಗೆ ಸ್ಟುಡಿಯೋಕ್ಕೂ ನಡೆಯುವ ಕೆಲಸ ಹತ್ತಿತು. ನಾನು ಸ್ಕೂಲಿನಿಂದ ಬರುತ್ತಾ ಒಮ್ಮೆ ಇಣುಕಿ ಬರುತ್ತಿದ್ದೆ.

ಕೊನೆಗೆ ಶೆಣೈ ಮಾಮ್ ಕವರು ಕೊಟ್ಟರು. ಮುಖದಲ್ಲಿ ದಣಿವು, ಹೆಮ್ಮೆ ಎರಡೂ ಇತ್ತು.

ಮಾಮ ತೆರೆದ. ಮೊದಲನೆಯದು ಕಪ್ಪು. ಎರಡನೆಯದು ಕಪ್ಪು. ಮೂರನೆಯದೂ, ಮಸಿ ಬಳಿದ ಸ್ಲೇಟಿನ ಹಾಗೆ, ಅಪ್ಪಟ ಕಪ್ಪು.

"ಏನೂ ಬರ್ಲಿಲ್ವಾ?" ಮಾಮನ ಸ್ವರ ಬಿದ್ದುಹೋಯಿತು.

"ಬಂದದ್ದು ಉಂಟು, ಅದನ್ನೇ ಹೇಳ್ತೇನೆ ಅದ್ದು," ಎಂದರು ಶೆಣೈ ಮಾಮ್. "ನಿಮ್ಮ ಫಿಲ್ಮಿನಲ್ಲಿ ಧೂಳೋ ಧೂಳು ಮಾರಾಯ್ರೆ! ಪ್ರಿಂಟು ಹಾಕಿದರೆ ಮೈಯೆಲ್ಲ ಬಿಳಿ ಚುಕ್ಕೆ, ಬಿಳಿ ಗೀರು. ಒಂದೊಂದನ್ನೇ ಕುಂಚ ಹಿಡಿದು, ಶಾಯಿ ಹಾಕಿ ಮುಚ್ಚಿದೆ. ಕಣ್ಣು ಹೋಯ್ತು ನನ್ನದು. ಈಗ ನೋಡಿ, ಕ್ಲೀನ್!"

ಮಾಮ ಸ್ಟೂಲಿನ ಮೇಲೆ ಕೂತುಬಿಟ್ಟ. ಒಂದು ತಿಂಗಳಲ್ಲಿ ಅವನು ತಾನಾಗಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ಮಾಮ್, ಆ ಧೂಳನ್ನೇ ಒಮ್ಮೆ ಪ್ರಿಂಟ್ ಮಾಡಿ ಕೊಡಿ. ನನಗೆ ಧೂಳೇ ಬೇಕಾದ್ದು."

"ಮತ್ತೆ ಆ ಒಂದನ್ನು ಏನು ಮಾಡುವುದು? ಅದರಲ್ಲಿ ಚುಕ್ಕೆ ಅಲ್ಲ, ದೊಡ್ಡ ದೊಡ್ಡ ಕಲೆ. ಮುಚ್ಚಲಿಕ್ಕೂ ಆಗ್ಲಿಲ್ಲ."

"ಅದನ್ನೂ ಹಾಕಿ."

ಮತ್ತೆರಡು ದಿನ ಕಾದೆವು. ಆ ದಿನಗಳಲ್ಲಿ ಕ್ಲಾಸಿನಲ್ಲಿ ನಾನು ಎಷ್ಟು ಸಲ ಮೊಣಕಾಲೂರಿದೆನೋ. ಸಿಸ್ಟರ್ ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದರೆ ನನಗೆ ಸೀಮೆಸುಣ್ಣದ ಸದ್ದು ಕೇಳಿಸುತ್ತಿತ್ತು, ಅಷ್ಟೇ. ಉಳಿದ ಮಕ್ಕಳು ಸದ್ದು ಕೇಳಿಯೇ ಬರೆಯುವುದನ್ನು ಎಲ್ಲಿ ಕಲಿತರೋ ಎಂದು ನನಗೆ ಅಸೂಯೆ. ಮನೆಯಲ್ಲಿ ಉಮ್ಮ ಆಗಲೇ ನನಗೊಂದು ಸಣ್ಣ ಮೊರ, ಒಂದು ಕತ್ತರಿ ತೆಗೆದಿಟ್ಟಿದ್ದಳು. ಬೀಡಿ ಎಲೆ ಕತ್ತರಿಸಲು ಕಲಿಯಲಿ ಎಂದು. ಆ ಮೊರದ ಹತ್ತಿರ ಹಾದುಹೋಗುವಾಗಲೆಲ್ಲ ನಾನು ಅದನ್ನು ಕಾಲಿನಿಂದ ಮೂಲೆಗೆ ತಳ್ಳುತ್ತಿದ್ದೆ.

ಪ್ರಿಂಟು ಬಂದ ಸಂಜೆ, ಉಪವಾಸ ಬಿಟ್ಟ ಮೇಲೆ, ಚಾವಡಿಯ ಚಾಪೆಯ ಮೇಲೆ ಲಾಟೀನಿನ ಕೆಳಗೆ ಮಾಮ ಅವನ್ನು ಹರಡಿದ. ಉಮ್ಮ ಗಂಜಿ ಪಾತ್ರೆ ಹಿಡಿದೇ ಬಗ್ಗಿದಳು. ಒಂದು ಬೀಡಿ ಫೋಟೋಗಳಲ್ಲಿ ನಕ್ಷತ್ರಗಳು ಗೆರೆಗಳಾಗಿದ್ದವು, ಬಾಚಣಿಗೆಯಲ್ಲಿ ಎಳೆದ ಹಾಗೆ. ಭೂಮಿ ತಿರುಗುವುದರಿಂದ ಹಾಗೆ ಎಂದು ಮಾಮ ಹೇಳಿದ್ದಕ್ಕೆ ಉಮ್ಮ, "ತಿರುಗುವುದು ನೀನು, ಭೂಮಿಯ ಹೆಸರು ಯಾಕೆ ಹೇಳ್ತಿ?" ಎಂದಳು. ಒಂದು ದಮ್ಮಿನ ಫೋಟೋದಲ್ಲಿ ಮಾತ್ರ ನಕ್ಷತ್ರಗಳು ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣಗೆ, ಖಚಿತವಾಗಿ ನಿಂತಿದ್ದವು. ಮೂರರ ಸಾಲು. ಅದರ ಕೆಳಗೆ ಕತ್ತಿ. ಕತ್ತಿಯ ನಡುವೆ ಒಂದು ಚುಕ್ಕೆ ಉಳಿದವುಗಳಿಗಿಂತ ದಪ್ಪ, ಅಂಚು ಕರಗಿದ್ದು.

"ಬಂತು!" ಮಾಮ ತೊಡೆ ತಟ್ಟಿದ. "ಆ ಬಡಾಯಿಕೋರ ನಿಜವನ್ನೇ ಹೇಳಿದ್ದ ಮಾರಾಯ್ತಿ! ನೆಬ್ಯುಲಾ, ನಮ್ಮ ಹೊಳೆಯ ಮರಳಿನಿಂದ!"

ನಾನು ಆ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ಮನಸ್ಸಿಗೆ ಬರಲಿಲ್ಲ. ಕಾದು ಕಾದು ಬಂದದ್ದು ಇದಾ ಎಂದು ಅಳುವೇ ಬಂತು. ಬದಿಗೆ ಸರಿಸಿದ್ದ ಇನ್ನೊಂದನ್ನು ಎತ್ತಿಕೊಂಡೆ. ಶೆಣೈ ಮಾಮ್ ಕಲೆ ಎಂದದ್ದು ಅದನ್ನೇ. ದೂರಕ್ಕೆ ಹೊಂದಿಸುವ ತಿರುಗಣೆಯನ್ನು ತಿರುಗಿಸಲು ಮಾಮ ಮರೆತು ತೆಗೆದದ್ದಂತೆ. ಅದರಲ್ಲಿ ನಕ್ಷತ್ರಗಳು ಗುಂಡಗೆ, ದೊಡ್ಡಕ್ಕೆ, ಬೆಳ್ಳಗಿನ ಹತ್ತಿಯ ಉಂಡೆಗಳಾಗಿ, ಒಂದಕ್ಕೊಂದು ತಾಗಿ ನಿಂತಿದ್ದವು.

"ಮಾಮ, ಉಳಿದದ್ದೆಲ್ಲ ಹಾಳಾಗಿದೆ," ಎಂದೆ. "ಇದೊಂದೇ ಸರಿ ಬಂದದ್ದು."

ಉಮ್ಮ ನಕ್ಕಳು. "ಶೆಣೈ ಮಾಮ್‌ಗೆ ತಕ್ಕ ಶಿಷ್ಯೆ!"

ಮಾಮನೂ ನಗಲು ಬಾಯಿ ತೆರೆದ. ತೆರೆದವನು ಹಾಗೆಯೇ ನನ್ನನ್ನು ನೋಡಿದ. ಅಷ್ಟು ಹೊತ್ತು ಅವನ ಕಾಲು, ಕೈ, ಯಾವುದೂ ಅಲ್ಲಾಡಲಿಲ್ಲ.

"ಸರಿ ಅಂದರೆ?"

"ನಕ್ಷತ್ರ ಇರುವುದು ಹೀಗೆ ಅಲ್ವಾ? ಆವತ್ತು ನಾವು ನೋಡಿದ್ದು ಹೀಗೆ ಅಲ್ವಾ?"

ಅವನು ಎದ್ದು ಲಾಟೀನು ತೆಗೆದುಕೊಂಡು ಚಾವಡಿಯ ಆ ತುದಿಗೆ ಹೋದ. ಗೋಡೆಯಲ್ಲಿ ಉಪ್ಪನ ಅಂಗಡಿಗೆ ಬಂದ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು, ಅಂಗೈಯಷ್ಟು ದೊಡ್ಡ ಅಂಕೆಗಳದ್ದು. ಲಾಟೀನು ಅದರ ಪಕ್ಕ ಹಿಡಿದ. "ಇದೆಷ್ಟು, ಓದು."

"ಯಾವುದು?"

"ನಾನು ಬೆರಳಿಟ್ಟದ್ದು."

"ನೀನು ಬೆರಳು ಎಲ್ಲಿಟ್ಟಿದ್ದೀಯ?"

ಉಮ್ಮ ಪಾತ್ರೆಯನ್ನು ಕೆಳಗಿಟ್ಟಳು. ಮಾಮ ಒಂದು ಹೆಜ್ಜೆ ಮುಂದೆ ಬಾ ಎಂದ, ಬಂದೆ. ಇನ್ನೊಂದು. ಇನ್ನೊಂದು. ಅಂಕೆ ನನ್ನ ಕಣ್ಣಿಗೆ ಅಂಕೆಯಾಗುವಾಗ ಕ್ಯಾಲೆಂಡರ್ ನನ್ನ ಕೈಗೇ ಸಿಗುವಷ್ಟು ಹತ್ತಿರವಿತ್ತು. ನಾನಿನ್ನೂ ಅದೊಂದು ಆಟ ಎಂದೇ ಭಾವಿಸಿದ್ದೆ. ಓದಿ, ಗೆದ್ದವಳಂತೆ ತಿರುಗಿ ನೋಡಿದೆ. ಉಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಇದನ್ನು ಯಾರಿಗೂ ಹೇಳ್ಬೇಡ," ಎಂದಳು, ನನಗಲ್ಲ, ಮಾಮನಿಗೆ. "ಕಣ್ಣು ಕಾಣದ ಹುಡುಗಿ ಅಂತ ಹೆಸರು ಬಂದರೆ ಮುಗೀತು. ಸೋಡಾಗ್ಲಾಸ್ ಹಾಕಿದವಳನ್ನು ಯಾರು ಕಟ್ಟಿಕೊಳ್ತಾರೆ? ಹೇಗಿದ್ದರೂ ಪರೀಕ್ಷೆ ಆದ ಮೇಲೆ ಮನೆಯಲ್ಲೇ ಇರ್ತಾಳೆ. ಬೀಡಿ ಕಟ್ಟಲಿಕ್ಕೆ ಹತ್ತಿರದ್ದು ಕಂಡರೆ ಸಾಕು."

"ಇತ್ತಾತ!"

"ನಿನಗೆ ಗೊತ್ತಿಲ್ಲ. ನೀನು ನಾಳೆ ಹಡಗು ಹತ್ತಿ ಹೋಗ್ತಿ. ಇಲ್ಲಿ ಇರುವವಳು ನಾನು."

ಅದು ಸುಳ್ಳಲ್ಲ. ಮರುದಿನವೇ ಟೆಲಿಗ್ರಾಂ ಬಂತು. ತಿಂಗಳೆಲ್ಲ ಯಾವುದಕ್ಕೆ ನೆಲ ಸವೆಸಿದ್ದನೋ ಅದು ಕೈಗೆ ಬಂದಾಗ ಮಾಮ ಅದನ್ನು ಓದಿ ಮಡಚಿ ಜೇಬಿಗಿಟ್ಟು, ನೇರ ಉಪ್ಪನ ಅಂಗಡಿಗೆ ಹೋದ. ನಾನು ಹಿಂದೆ ಓಡಿದೆ. ಉಪ್ಪ ಗಿರಾಕಿಗೆ ಸೀರೆ ಬಿಡಿಸುತ್ತಿದ್ದರು. ಗಿರಾಕಿ ಹೋಗುವವರೆಗೂ ಮಾಮ ಕಂಬಕ್ಕೆ ಒರಗಿ ನಿಂತ. ಆಮೇಲೆ ಹತ್ತಿಯ ಉಂಡೆಗಳ ಫೋಟೋವನ್ನು ಬಟ್ಟೆ ಅಳೆಯುವ ಹಲಗೆಯ ಮೇಲಿಟ್ಟ.

"ಭಾವ, ಇದೆಂಥದ್ದು ಹೇಳಿ."

ಉಪ್ಪ ತಿರುಗಿಸಿ ಮುರುಗಿಸಿ ನೋಡಿದರು. "ಬೂಂದಿ ಲಾಡಾ?"

"ಇದು ನಿಮ್ಮ ಮಗಳಿಗೆ ಕಾಣುವ ಆಕಾಶ. ಸಿಸ್ಟರಮ್ಮ ಬೋರ್ಡಿನಲ್ಲಿ ಬರೆಯುವುದೂ ಅವಳಿಗೆ ಹೀಗೆಯೇ ಕಾಣುವುದು." ಮತ್ತೆ ಎರಡನೆಯದನ್ನು ಪಕ್ಕದಲ್ಲಿಟ್ಟ. "ಇದು ನಮಗೆ ಕಾಣುವುದು."

ಉಪ್ಪ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಮತ್ತೆ ಮೊದಲನೆಯದನ್ನು. ಹೊರಗೆ ಬಸ್ಸಿನವನು "ಪುತ್ತೂರು ಪುತ್ತೂರು" ಎಂದು ಕೂಗುತ್ತಿದ್ದ. ಉಪ್ಪ ನನ್ನನ್ನು ಕರೆದು, ಎದುರು ಸಾಲಿನ ಅಂಗಡಿಯ ಬೋರ್ಡು ಓದಲು ಹೇಳಿದರು. ಅಲ್ಲಿ ಬೋರ್ಡು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನೀಲಿ ಗೋಡೆ ಎಂದುಕೊಂಡಿದ್ದೆ.

"ಇಷ್ಟು ದಿವಸ ಮೊಣಕಾಲೂರಿಸಿದರಲ್ಲ," ಎಂದರು ಉಪ್ಪ. ಸೀರೆ ಮಡಚಲು ಹೋಗಿ ಸರಿಯಾಗದೆ ಮತ್ತೆ ಬಿಡಿಸಿದರು.

ಮರುದಿನ ಬೆಳಿಗ್ಗೆ, ರಂಜಾನಿನ ವ್ಯಾಪಾರದ ಸಮಯದಲ್ಲಿ, ಉಪ್ಪ ಅಂಗಡಿಗೆ ಬೀಗ ಹಾಕಿದರು. ಮಂಗಳೂರು ಬಸ್ಸಿನಲ್ಲಿ ನಾವು ಮೂವರು. ಮಾಮನ ಪೆಟ್ಟಿಗೆ ಮೇಲೆ ಟಾಪಿನಲ್ಲಿ; ಅವನು ಅಲ್ಲಿಂದಲೇ ಬೊಂಬಾಯಿಗೆ. ಕಣ್ಣಿನ ಡಾಕ್ಟರ ಮೆಟ್ಟಿಲಿನವರೆಗೆ ಬಂದು, "ಜೋರು, ಡಾಕ್ಟರ ಹತ್ತಿರ ಸ್ವಲ್ಪ ಅಲ್ಲಾಡದೆ ಕೂರು, ಒಂದೇ ಬೀಡಿ ಹೊತ್ತು," ಎಂದು ನನ್ನ ಜಡೆ ಎಳೆದು ಹೋದ. ಅವಸರದಲ್ಲಿದ್ದ. ನೀರಿನ ವಾಸನೆ ಬಂದ ಮೇಲೆ ಅವನು ನೆಲದವನಾಗಿ ಉಳಿದಿರಲಿಲ್ಲ.

ಕನ್ನಡಕ ತಯಾರಾಗಿ ಬರಲು ಎರಡು ವಾರ ಹಿಡಿಯಿತು. ಉಮ್ಮ ಆ ದಿನಗಳಲ್ಲಿ ಉಪ್ಪನ ಜೊತೆ ಮಾತು ಬಿಟ್ಟಿದ್ದಳು. ಕನ್ನಡಕ ಬಂದ ದಿನ ನನ್ನ ಮುಖ ನೋಡಿ, "ಗೂಬೆ" ಎಂದು ಒಳಗೆ ಹೋಗಿ ಅತ್ತಳು. ನಾನು ಅವಳ ಹಿಂದೆ ಹೋಗಿ, "ಉಮ್ಮ, ನಿನ್ನ ಹುಬ್ಬಿನ ಮೇಲೆ ಮಚ್ಚೆ ಉಂಟು!" ಎಂದೆ. ಅಳುತ್ತಿದ್ದವಳು ನಕ್ಕಳು.

ಆ ರಾತ್ರಿಯ ಊಟದ ಮೇಲೆ ಉಪ್ಪನೇ ನನ್ನನ್ನು ನದಿಗೆ ಕರೆದುಕೊಂಡು ಹೋದರು. ರಂಜಾನಿನ ಕೊನೆಯ ದಿನಗಳು, ಚಂದ್ರ ಇನ್ನೂ ಹುಟ್ಟಿರಲಿಲ್ಲ. ಮರಳಿನ ಮೇಲೆ ನಿಂತು ತಲೆ ಎತ್ತಿದೆ.

ಹೇಗೆ ಬರೆಯಲಿ? ಹತ್ತಿಯೆಲ್ಲ ಸಿಡಿದು ಉಪ್ಪಿನ ಹರಳಾಗಿತ್ತು. ಒಂದು ಉಂಡೆ ಎಂದುಕೊಂಡಿದ್ದ ಕಡೆ ಆರೇಳು, ಏನೂ ಇಲ್ಲ ಎಂದುಕೊಂಡಿದ್ದ ಕಡೆ ಕಿಕ್ಕಿರಿದು. ಅಷ್ಟು ಹರಿತವಾಗಿದ್ದವು, ನನಗೆ ಹೆದರಿಕೆಯಾಗಿ ಉಪ್ಪನ ಷರ್ಟು ಹಿಡಿದುಕೊಂಡೆ. ಉಪ್ಪನೂ ಮೇಲೆ ನೋಡುತ್ತಿದ್ದರು. "ಇಷ್ಟುಂಟಾ?" ಎಂದರು. "ಅಂಗಡಿ ಮುಚ್ಚಿ ತಲೆ ತಗ್ಗಿಸಿ ಬರುವುದು ನಾನು. ಗೊತ್ತೇ ಇರ್ಲಿಲ್ಲ."

ಪರೀಕ್ಷೆಯಲ್ಲಿ ಕೆಂಪು ಬರಲಿಲ್ಲ. ಸಿಸ್ಟರ್ ಒಲಿವಿಯಾ ನನ್ನನ್ನು ಮೊದಲ ಬೆಂಚಿಗೆ ಕರೆದರು. "ಮೈ ಪುವರ್ ಚೈಲ್ಡ್" ಎಂದು ಕೆನ್ನೆ ಮುಟ್ಟಿದರು, ಅವರ ಕಣ್ಣು ಒದ್ದೆಯಾಗಿತ್ತು. ಸಣ್ಣ ಮೊರದಲ್ಲಿ ಉಮ್ಮ ಹಪ್ಪಳ ಒಣಗಿಸಲು ಶುರು ಮಾಡಿದಳು. ನಾನು ಓದಿದೆ, ಮದುವೆಯೂ ಆಯಿತು, ಕನ್ನಡಕದ ಸಮೇತ. ಮೂಡುಬಿದಿರೆಯಲ್ಲಿ ಇಂಗ್ಲಿಷ್ ಟೀಚರಾಗಿ ರಿಟೈರ್ ಆದೆ. ಪ್ರತಿ ಜೂನಿನಲ್ಲಿ ಹೊಸ ಕ್ಲಾಸಿನ ಮೊದಲ ಪೀರಿಯಡ್‌ನಲ್ಲಿ ಪಾಠ ಮಾಡದೆ, ಬೋರ್ಡಿನ ಮೇಲೆ ಒಂದು ಸ್ಪೆಲ್ಲಿಂಗ್ ಬರೆದು ಕೊನೆಯ ಬೆಂಚಿನವರಿಂದ ಓದಿಸುತ್ತಿದ್ದೆ. ಯಾಕೆಂದು ಯಾರಿಗೂ ಹೇಳುತ್ತಿರಲಿಲ್ಲ.

ಅದ್ದು ಮಾಮ ನಡುನಡುವೆ ಬಂದು ಹೋಗುತ್ತಿದ್ದ, ನಾನು ಹಾಸ್ಟೆಲಿನಲ್ಲೋ ಗಂಡನ ಮನೆಯಲ್ಲೋ ಇರುವಾಗ. ಸರಿಯಾಗಿ ಕೂತು ಮಾತಾಡಲು ಸಿಕ್ಕಿದ್ದು ಅವನ ಗಡ್ಡ ಬೆಳ್ಳಗಾದ ಮೇಲೆ, ಹಡಗು ಬಿಟ್ಟು ಬಂದಾಗ. ಎಷ್ಟೋ ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡದ್ದನ್ನೆಲ್ಲ ಹೇಳಿದೆ. ಮರಳು, ಮುಟ್ಟಾಳೆ, ಶೆಣೈ ಮಾಮ್.

"ಯಾವ ಫೋಟೋ?" ಎಂದ.

ಮತ್ತೆ ಹೇಳಿದೆ. ಅವನು ಕೆಮ್ಮು ಬರುವಷ್ಟು ನಕ್ಕ. "ನಾನಾ? ಮುಟ್ಟಾಳೆ ಇಟ್ಟುಕೊಂಡು? ಇರ್ಬಹುದು ಮಾರಾಯ್ತಿ. ಆ ವರ್ಷ ಅಂದರೆ ನನಗೆ ನೆನಪಿರುವುದು ಕೆಲಸ ಇಲ್ಲದೆ ಕೂತದ್ದು ಮಾತ್ರ. ಹುಚ್ಚು ಹಿಡಿಯುವುದೊಂದು ಬಾಕಿ." ನನ್ನ ಮುಖ ನೋಡಿ, "ಆದರೆ ನಿನಗೆ ಕನ್ನಡಕ ಹುಟ್ಟಿದಾಗಿಂದಲೇ ಇತ್ತಲ್ಲ?" ಎಂದ.

ಹೌದು ಎಂದೆ. ಮುಂದಿನ ಮಳೆಗಾಲಕ್ಕೆ ಅವನು ತೀರಿಕೊಂಡ. ಫೋಟೋಗಳು ಹಳೇ ಮನೆ ಬಿಡುವಾಗಲೇ ಗೆದ್ದಲಿಗೆ ಹೋಗಿದ್ದವು. ಕೆಳಗೆ ಅಣೆಕಟ್ಟು ಆದ ಮೇಲೆ ನೇತ್ರಾವತಿ ಜನವರಿಯಲ್ಲೂ ತುಂಬಿಯೇ ಇರುತ್ತದೆ; ಆ ಮರಳು ಈಗ ನೀರಿನ ಅಡಿಯಲ್ಲೆಲ್ಲೋ.

ಮೂಡುಬಿದಿರೆಯ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇರುವ ಕೊಪ್ಪಳದ ಹುಡುಗಿ ಸಹನಾ ಇಂಜಿನಿಯರಿಂಗ್ ಓದುತ್ತಾಳೆ. ರಜೆ ಬಂದರೆ ಗೆಳತಿಯರ ಜೊತೆ ಬೆಳ್ತಂಗಡಿ ದಾಟಿ ಘಟ್ಟದ ಬುಡಕ್ಕೆ ಕಾರು ಮಾಡಿಕೊಂಡು ಹೋಗುತ್ತಾಳೆ, ಆಕಾಶದ ಫೋಟೋ ತೆಗೆಯಲು. ಮೊನ್ನೆ ಸಂಜೆ ಮೊಬೈಲು ತಂದು ತೋರಿಸಿದಳು. ಅದೇ ಕತ್ತಿಯ ನಡುವಿನ ನೆಬ್ಯುಲಾ. ಗುಲಾಬಿ, ನೇರಳೆ, ರೆಕ್ಕೆ ಬಿಚ್ಚಿದ ಹಾಗೆ. "ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸ್ತೀವಿ ಮ್ಯಾಮ್, ಕಂಪ್ಯೂಟರ್‌ನಲ್ಲಿ. ಇಲ್ಲಿಂದ ಆಗಲ್ಲ, ಬೆಳಕು ಜಾಸ್ತಿ."

ಬ್ಯೂಟಿಫುಲ್ ಎಂದೆ. ಸುಳ್ಳು ಹೇಳಲಿಲ್ಲ.

ಅವಳು ಮೇಲೆ ಹೋದ ಮೇಲೆ ಒಳಗೆ ಕೂರಲಾಗದೆ ಅಂಗಳಕ್ಕೆ ಬಂದೆ. ಹೋದ ವರ್ಷ ಪೊರೆ ತೆಗೆಸಿ ಕಣ್ಣಿನೊಳಗೇ ಲೆನ್ಸು ಹಾಕಿಸಿಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಕನ್ನಡಕ ಇಲ್ಲದೆ ದೂರದ ಬಸ್ಸಿನ ಬೋರ್ಡು ಓದುತ್ತೇನೆ. ಇಂಥ ಕಣ್ಣು ನನಗೆ ಎಂದೂ ಇರಲಿಲ್ಲ. ಸುತ್ತಲೂ ಹಾಸ್ಟೆಲುಗಳ ದೀಪ, ಸರ್ಕಲಿನ ಎತ್ತರದ ಕಂಬದ ದೀಪ, ಆಕಾಶವೆಲ್ಲ ಕಿತ್ತಳೆ ಬಣ್ಣದ ಗಂಜಿ. ಮೂರರ ಸಾಲು ಹೇಗೋ ಸಿಕ್ಕಿತು. ಕೆಳಗೆ ಏನೂ ಇಲ್ಲ. ಆ ಚಳಿಯಲ್ಲಿ ಮರಳಿನ ಮೇಲೆ ನಿಂತು ಆಕಾಶದ ಕಡೆ ಕ್ಯಾಮರಾ ಇಟ್ಟವರು ಇಬ್ಬರು. ಅದನ್ನು ಚೆನ್ನಾಗಿ ಕಂಡವನು ಮರೆತುಬಿಟ್ಟ. ನೆನಪಿಟ್ಟುಕೊಂಡವಳಿಗೆ ಆ ದಿನಗಳಲ್ಲಿ ಅದು ಕಂಡೇ ಇರಲಿಲ್ಲ.

ನಮ್ಮ ಅಂಗಳದ ಬಲ್ಬನ್ನಾದರೂ ಆರಿಸುವ ಎಂದು ಹೋಗಿ ಸ್ವಿಚ್ ಒತ್ತಿದೆ. ಬಲ್ಬು ಆರಿತು; ಸುತ್ತಲಿನ ದೀಪಗಳಿಗೆ ಅಂಗಳ ಹಾಗೆಯೇ ಬೆಳ್ಳಗೆ ಇತ್ತು.